ಅತ್ತೆಯ ಪೆಟ್ಟಿಗೆ

ಸುದ್ದಿ ಬಂದ ಭಾನುವಾರ ಬೆಳಿಗ್ಗೆ ಮನೆಯವರೆಲ್ಲ ನಡುಮನೆಯಲ್ಲಿ ಸೂಟ್‌ಕೇಸು ತೂಗುತ್ತಿದ್ದರು.

ಮೊಮ್ಮಗಳು ಓದಲು ಹೊರದೇಶಕ್ಕೆ ಹೊರಡುವುದಕ್ಕೆ ಇನ್ನು ಇಪ್ಪತ್ತೆರಡು ದಿನ. ವಿಮಾನದವರು ಒಪ್ಪುವುದು ಇಪ್ಪತ್ತಮೂರು ಕಿಲೋ. ತಕ್ಕಡಿಯ ಕೊಕ್ಕೆಗೆ ಹೊಸ ನೀಲಿ ಸೂಟ್‌ಕೇಸು ಸಿಕ್ಕಿಸಿ, ಮಗ ಎರಡೂ ಕೈಯಿಂದ ಎತ್ತಿ ಹಿಡಿದು, ಉಸಿರು ಕಟ್ಟಿ ನಿಂತಿದ್ದ. ಸೊಸೆ ಬಗ್ಗಿ ಮುಳ್ಳು ನೋಡುತ್ತಿದ್ದಳು.

"ಇಪ್ಪತ್ತಾರು."

"ಸರಿಯಾಗಿ ನೋಡೇ. ನನ್ನ ಕೈ ನಡುಗ್ತಿದೆ, ಅದಕ್ಕೇ ಹೆಚ್ಚು ತೋರಿಸ್ತಿದೆ."

"ನಿಮ್ಮ ಕೈ ನಡುಗಿದ್ರೆ ಮೂರು ಕಿಲೋ ಹೆಚ್ಚಾಗುತ್ತಾ? ಪುಸ್ತಕ ತೆಗೀರಿ."

"ಅಮ್ಮ, ಪುಸ್ತಕ ಮುಟ್ಟಬೇಡ! ಬೇಕಾದ್ರೆ ಆ ಉಪ್ಪಿನಕಾಯಿ ಡಬ್ಬ ತೆಗಿ."

"ತೆಗೀತೀನಿ. ಅಲ್ಲಿ ಹೋಗಿ ಸಪ್ಪೆ ಅನ್ನ ತಿನ್ನೋವಾಗ ಪುಸ್ತಕ ನೆಂಚ್ಕೋ."

ಗೋಡೆಗೆ ಒರಗಿ ಕುಳಿತಿದ್ದ ತಾತ ನಕ್ಕರು. ನಲವತ್ತೈದು ವರ್ಷ ಬಸ್‌ ನಿಲ್ದಾಣದ ಪಕ್ಕದ ಗೂಡಂಗಡಿಯಲ್ಲಿ ಪೆಟ್ಟಿಗೆ, ಚೀಲ, ಸೂಟ್‌ಕೇಸುಗಳನ್ನು ರಿಪೇರಿ ಮಾಡಿದವರು ಅವರು. ಬೀಗ, ಜಿಪ್ಪು, ಚಕ್ರ, ಹಿಡಿಕೆ, ಯಾವುದು ಕೈಕೊಟ್ಟರೂ ಜನ ಅವರ ಬಳಿಗೇ ಬರುತ್ತಿದ್ದರು. ಬೀದಿಯವರ ಬಾಯಲ್ಲಿ ಅವರು ಪೆಟ್ಟಿಗೆ ತಾತ. ಎಪ್ಪತ್ತೆಂಟಾದರೂ ಮಧ್ಯಾಹ್ನದವರೆಗೆ ಅಂಗಡಿ ತೆರೆಯುವುದನ್ನು ಬಿಟ್ಟಿರಲಿಲ್ಲ.

ಆಗ ಮಗನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅವನು ಸೂಟ್‌ಕೇಸನ್ನು ದಡಕ್ಕನೆ ಇಳಿಸಿ, ಫೋನು ಕಿವಿಗಿಟ್ಟು, "ಹೂಂ, ನಾನೇ ಮಾತಾಡೋದು" ಎಂದ. ಹಿತ್ತಿಲಿಗೆ ನಡೆದ. ನಲ್ಲಿ ನೀರು ಬಹಳ ಹೊತ್ತು ಸುರಿಯುವ ಸದ್ದು ಕೇಳಿತು. ಒಳಗೆ ಬಂದಾಗ ಮುಖ ತೊಳೆದುಕೊಂಡಿದ್ದ, ಒರೆಸಿಕೊಂಡಿರಲಿಲ್ಲ.

"ಯಾರಪ್ಪಾ?" ಎಂದಳು ಮಗಳು.

"ಡಿಪೋದಿಂದ. ನೀನು ಫೋಟೋ ತೆಗೆಸ್ಕೊಂಡು ಬರ್ತೀನಿ ಅಂತಿದ್ದೆಯಲ್ಲ, ಹೋಗು. ಆಮೇಲೆ ಸ್ಟುಡಿಯೋದಲ್ಲಿ ಜನ ಸೇರ್ತಾರೆ."

ಅವಳು ಚಪ್ಪಲಿ ಮೆಟ್ಟಿ ಹೊರಟು, ಗೇಟಿನ ಸದ್ದಾದ ಮೇಲೆ ಮಗ ನೆಲದ ಮೇಲೆ ಕುಳಿತುಬಿಟ್ಟ.

"ಅಪ್ಪಾ, ಅಕ್ಕ ಹೋಗಿಬಿಟ್ಟಳು."

"ಎಲ್ಲಿಗೆ?" ಎಂದರು ತಾತ. ಅರ್ಥವಾಗಿತ್ತು. ಆದರೂ ಬಾಯಿ ಕೇಳಿಬಿಟ್ಟಿತು.

ದೊಡ್ಡ ಮಗಳು ನರ್ಸು. ಬಸ್ಸಿನಲ್ಲಿ ಆರು ಗಂಟೆ ದೂರದ ಸಣ್ಣ ಊರಿನ ಆಸ್ಪತ್ರೆಯಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದವಳು, ಮದುವೆಯಾಗದವಳು. ಮೊಮ್ಮಗಳಿಗೆ ಆರು ವರ್ಷವಾದಾಗ ಮಗ ಸೊಸೆ ಇಬ್ಬರಿಗೂ ಪಾಳಿಯ ಕೆಲಸ, ನೋಡಿಕೊಳ್ಳುವವರಿಲ್ಲವೆಂದು ಮಗುವನ್ನು ಅವಳ ಬಳಿ ಬಿಟ್ಟಿದ್ದರು. ಎಂಟು ವರ್ಷ ಅವಳೇ ತಲೆ ಬಾಚಿ, ಪಾಠ ಹೇಳಿ ಬೆಳೆಸಿ ಕಳಿಸಿದಳು. ಹೊರಗೆ ಹೋಗಿ ಓದು ಎಂದು ಬೆನ್ನು ಹತ್ತಿದವಳೂ ಅವಳೇ. ಹೋದ ವರ್ಷವೇ ಸೀಟು ಸಿಕ್ಕಿತ್ತು. ಅದೇ ತಿಂಗಳು ಅತ್ತೆಗೆ ಎದೆಯ ಆಪರೇಷನ್ನಾಯಿತು. ಹುಡುಗಿ ಟಿಕೆಟ್ಟನ್ನು ಮಡಿಸಿಟ್ಟು ನಾಲ್ಕು ತಿಂಗಳು ಅತ್ತೆಯ ಮಂಚದ ಬುಡದಲ್ಲಿ ಕುಳಿತಳು. ಕಾಲೇಜಿನವರು ಒಂದು ವರ್ಷ ಕಾಯುತ್ತೇವೆ, ಎರಡನೆಯ ಸಲ ಕಾಯುವುದಿಲ್ಲ ಎಂದು ಬರೆದಿದ್ದರು. ಅತ್ತೆ ಚೇತರಿಸಿಕೊಂಡು ಕೆಲಸಕ್ಕೂ ಹೋಗತೊಡಗಿದ್ದಳು. ನಿನ್ನೆ ಡ್ಯೂಟಿ ಮುಗಿಸಿ ಮಲಗಿದವಳು ಬೆಳಿಗ್ಗೆ ಏಳಲಿಲ್ಲ.

"ನಡಿ, ಹೋಗೋಣ," ತಾತ ಗೋಡೆ ಹಿಡಿದು ಎದ್ದರು. "ಪುಟ್ಟಿ ಬರ್ಲಿ, ನಾಲ್ಕೂ ಜನ ಹೋಗೋಣ."

ಗಂಡಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೊಸೆ ಮೊದಲು ಬಾಯಿಬಿಟ್ಟಳು.

"ಮಾವ, ಅವಳಿಗೆ ಹೇಳೋದು ಬೇಡ."

"ಏನು ಬೇಡ?"

"ಹೇಳಿದ್ರೆ ಅವಳು ಹೋಗಲ್ಲ. ಹೋದ ವರ್ಷ ನೋಡಿದೀರಲ್ಲ. ಇದೂ ತಪ್ಪಿದ್ರೆ ಮುಗೀತು. ಹೋಗಿ ಸೇರ್ಕೊಳ್ಳಲಿ, ಆಮೇಲೆ ಹೇಳೋಣ."

"ಹೆತ್ತತಾಯಿಗಿಂತ ಹೆಚ್ಚು ಕಣಮ್ಮಾ ಅವಳು ಆ ಮಗೂಗೆ."

ಸೊಸೆಯ ಮುಖ ಕಪ್ಪಿಟ್ಟಿತು. "ಗೊತ್ತು ಮಾವ. ಅದಕ್ಕೇ ಹೇಳ್ತಿರೋದು."

ಮಗ ತಗ್ಗಿಸಿದ ತಲೆ ಎತ್ತದೆಯೇ ಹೇಳಿದ: "ಅಕ್ಕನೇ ಹೇಳಿದ್ದಳು ಅಪ್ಪ. ನನಗೇನಾದ್ರೂ ಆದ್ರೂ ಅವಳನ್ನ ನಿಲ್ಲಿಸಬೇಡಿ ಅಂತ."

"ಯಾವಾಗ ಹೇಳಿದ್ದು?"

"ಹೇಳಿದ್ದಳು. ನಾನೊಬ್ಬನೇ ಹೋಗಿ ಬರ್ತೀನಿ. ನೀವೂ ಹೊರಟ್ರೆ ಅವಳಿಗೆ ಅನುಮಾನ ಬರುತ್ತೆ. ಆರು ವರ್ಷದಿಂದ ನೀವು ಊರು ಬಿಟ್ಟು ಎಲ್ಲಿಗೂ ಹೋಗಿಲ್ಲ."

"ನನ್ನ ಮಗಳ ಮುಖ ನಾನು ನೋಡಬಾರದೇನೋ?"

ಆದರೂ ಸತ್ತವಳ ಮಾತೆಂದ ಮೇಲೆ ಹೇಳುವುದಿಲ್ಲವೆಂದು ತಾತ ಮಗನಿಗೆ ಮಾತು ಕೊಟ್ಟರು. ಮಗ ಒಂದು ಜೊತೆ ಬಟ್ಟೆ ಚೀಲಕ್ಕೆ ತುರುಕಿಕೊಂಡು ಹೋದ. ಗಂಟೆಯೊಳಗೆ ಮೊಮ್ಮಗಳು ಫೋಟೋ ಹಿಡಿದು ಬಂದಳು. "ನೋಡಿ ತಾತ, ಕಳ್ಳಿ ಥರ ಬಂದಿದೀನಿ. ನಗಬಾರದಂತೆ. ಅಪ್ಪ ಎಲ್ಲಿ?"

"ಬೇರೆ ಡಿಪೋಗೆ ಡ್ಯೂಟಿ ಹಾಕಿದಾರೆ. ಎರಡು ದಿನ ಬರಲ್ಲ," ಎಂದು ಸೊಸೆ ಒಲೆಯ ಕಡೆ ತಿರುಗಿ ಹೇಳಿದಳು. ಮಗ ಬಸ್‌ ಡಿಪೋದ ಟೈಂಕೀಪರ್. ಅಂಥ ಡ್ಯೂಟಿ ವರ್ಷಕ್ಕೊಮ್ಮೆ ಬೀಳುತ್ತಿದ್ದುದುಂಟು.

ಅವತ್ತು ಮಧ್ಯಾಹ್ನ ತಟ್ಟೆಯ ಮುಂದೆ ಕುಳಿತ ತಾತ ಅನ್ನವನ್ನು ಪಕ್ಕಕ್ಕೆ ಸರಿಸಿದರು. ಹಲ್ಲುನೋವು ಎಂದರು. ಮೊಮ್ಮಗಳು ಲವಂಗ ತಂದುಕೊಟ್ಟಳು. ಬಾಯಲ್ಲಿಟ್ಟುಕೊಂಡು ಕಣ್ಣಲ್ಲಿ ನೀರು ಹಾಕಿದರು. ಲವಂಗದ ಖಾರ ಎಂದರು.

ತಾತನಿಗೊಂದು ಅಭ್ಯಾಸವಿತ್ತು. ಬೆಳಗಾಗುವ ಹೊತ್ತಿಗೆ ಸ್ನಾನ ಮಾಡಿ, ಪೂರ್ವದ ಕಿಟಕಿಗೆ ಮುಖಮಾಡಿ, ಅಂಗಡಿಯಿಂದ ತಂದಿದ್ದ ಹಳೆಯ ಸ್ಟೂಲಿನ ಮೇಲೆ ಕುಳಿತು, ಮನೆಯ ಒಬ್ಬೊಬ್ಬರಿಗೂ ಒಂದೊಂದನ್ನು ಬೇಡುತ್ತಿದ್ದರು. ಹಿರಿಯರಿಂದ ಕಿರಿಯರಿಗೆ. ದೊಡ್ಡ ಮಗಳಿಗೆ ಆರೋಗ್ಯ ಕೊಡು, ಮಗನಿಗೆ ತಾಳ್ಮೆ ಕೊಡು, ಕನ್ನಡಕದ ಅಂಗಡಿಯಲ್ಲಿ ದಿನವೆಲ್ಲ ಗಾಜು ಉಜ್ಜುವ ಸೊಸೆಯ ಕಣ್ಣಿಗೆ ಬೆಳಕು ಕೊಡು, ಮೊಮ್ಮಗಳಿಗೆ ಬುದ್ಧಿ ಕೊಡು, ನನ್ನ ಕೈಗೆ ಬಲ ಕೊಡು. ಪಿಸುದನಿಯಲ್ಲೇ ಹೇಳಿಕೊಳ್ಳುತ್ತೇನೆಂದು ಅವರು ತಿಳಿದಿದ್ದರು. ಕಿವಿ ಮಂದವಾದಂತೆಲ್ಲ ದನಿ ಏರಿ ಈಗ ಪಕ್ಕದ ಮನೆಯವರೆಗೂ ಕೇಳುತ್ತಿತ್ತು. "ನಮಗೆ ಅಲಾರಂ ಬೇಡ, ತಾತ ದೇವರ ಹತ್ರ ಹಾಜರಿ ಕೂಗ್ತಾರೆ," ಎಂದು ಮೊಮ್ಮಗಳು ಹಾಸ್ಯ ಮಾಡುತ್ತಿದ್ದಳು. ಅದೂ ಅವರಿಗೆ ಸರಿಯಾಗಿ ಕೇಳುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಸ್ಟೂಲಿನ ಮೇಲೆ ಕುಳಿತರು. "ನನ್ನ ದೊಡ್ಡ ಮಗಳಿಗೆ..." ಎಂದರು. ಮನೆಯವರ ಮುಂದೆ ಹಲ್ಲುನೋವೆನ್ನಬಹುದು, ದೇವರ ಮುಂದೆ ಸತ್ತವಳಿಗೆ ಆರೋಗ್ಯ ಬೇಡುವುದು ಹೇಗೆ? ಶಾಂತಿ ಕೊಡು ಎನ್ನೋಣವೆಂದರೆ ಗೋಡೆಯಾಚೆ ಹುಡುಗಿ ಮಲಗಿದ್ದಾಳೆ. "ನನ್ನ ದೊಡ್ಡ ಮಗಳನ್ನು ನೋಡಿಕೋ" ಎಂದಷ್ಟೇ ಹೇಳಿ ಮಗನ ತಾಳ್ಮೆಗೆ ದಾಟಿದರು. ಅಂದಿನಿಂದ ದಿನವೂ ಅಷ್ಟೇ.

ಮಂಗಳವಾರ ಮಗ ಹಿಂದಿರುಗಿದ. ಮೊಮ್ಮಗಳು ಚುಚ್ಚುಮದ್ದಿನ ಸರ್ಟಿಫಿಕೇಟಿಗೆ ಮುದ್ರೆ ಹಾಕಿಸಲು ಹೋಗಿದ್ದಳು. ಮಗ ಚೀಲದಿಂದ ಅಕ್ಕನ ಕನ್ನಡಕ, ಕೈಗಡಿಯಾರ, ಫೋನು ತೆಗೆದು ಮೇಜಿನ ಮೇಲಿಟ್ಟ.

"ಮುಖ ಹೇಗಿತ್ತು?" ಎಂದರು ತಾತ.

"ಮಲಗಿದ ಹಾಗೇ ಇತ್ತಪ್ಪ. ಆಸ್ಪತ್ರೆಯವರೆಲ್ಲ ಬಂದಿದ್ರು. ನಾನೇ ಮಣ್ಣು ಹಾಕಿದೆ."

ತಾತ ಗಡಿಯಾರ ಎತ್ತಿ ಕಿವಿಗೆ ಹಿಡಿದರು. ನಡೆಯುತ್ತಿದೆಯೋ ಇಲ್ಲವೋ ಅವರಿಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಅಕ್ಕನ ಫೋನು ಟಿಣ್ ಎಂದಿತು. ಮೊಮ್ಮಗಳದೇ ಮೆಸೇಜು. ಸೊಸೆ ಓದಿದಳು: "ಅತ್ತೆ, ಮೂರು ದಿನದಿಂದ ಯಾಕೆ ಫೋನ್ ಎತ್ತಲ್ಲ? ಸಿಟ್ಟಾ?"

ಮೂವರೂ ಅದನ್ನು ಹಾವು ನೋಡಿದ ಹಾಗೆ ನೋಡಿದರು.

"ಏನಾದ್ರೂ ಬರೀಬೇಕು," ಎಂದಳು ಸೊಸೆ. "ಗಂಟಲು ಕಟ್ಟಿದೆ, ಡಾಕ್ಟರು ಮಾತಾಡಬೇಡ ಅಂದಿದಾರೆ ಅಂತ ಬರೀತೀನಿ. ಅಕ್ಕ ಅವಳನ್ನ ಏನಂತ ಕರೀತಿದ್ರು? ನಮ್ಮ ಥರ ಪುಟ್ಟಿ ಅಂತಿರಲಿಲ್ಲ."

ಗಂಡನಿಗೆ ನೆನಪಾಗಲಿಲ್ಲ. ಇಬ್ಬರೂ ತಾತನ ಕಡೆ ನೋಡಿದರು. ತಾತನಿಗೆ ಗೊತ್ತಿತ್ತು. ಎಂಟು ವರ್ಷ ಪ್ರತಿ ಭಾನುವಾರದ ಫೋನಿನಲ್ಲಿ ಆ ಹೆಸರನ್ನೇ ಕೇಳಿದ್ದರು. ಹೇಳಬಾರದು ಎಂದುಕೊಂಡರು.

"ಚಿನಕುರಳಿ," ಎಂದರು.

ಸೊಸೆ ಟೈಪು ಮಾಡಿದಳು. ಮನೆಯಲ್ಲಿ ಆ ಹುಡುಗಿಯನ್ನು ಹಾಗೆ ಕರೆಯುವವರು ಇನ್ನು ಯಾರೂ ಇಲ್ಲ ಎಂಬುದು ತಾತನಿಗೆ ಆಗ ಹೊಳೆಯಿತು. ಎದ್ದು ಅಂಗಡಿಗೆ ಹೋದರು.

ಗುರುವಾರ ಎದುರುಮನೆಯ ಪೋಸ್ಟ್‌ಮ್ಯಾನ್ ಬಾಗಿಲಿಗೆ ಬಂದ. ನಿವೃತ್ತನಾದ ಮೇಲೆ ಪೇಪರಿನಲ್ಲಿ ಸತ್ತವರ ಕಾಲಂ ಓದಿ, ಗೊತ್ತಿದ್ದವರ ಹೆಸರಿಗೆ ಪೆನ್ಸಿಲಿನಲ್ಲಿ ಗುರುತು ಹಾಕುವುದೇ ಅವನ ಕೆಲಸ. ಮುಖ ಸಣ್ಣಗೆ ಮಾಡಿಕೊಂಡು, "ನಿಮ್ಮ ಮಗಳು..." ಎಂದು ಶುರುಮಾಡಿದ್ದ. ಸೊಸೆ ಅವನ ತೋಳು ಹಿಡಿದು ಗೇಟಿನ ಹೊರಗೆ ಎಳೆದುಕೊಂಡು ಹೋದಳು. ಎರಡು ನಿಮಿಷ ಕೈ ಆಡಿಸಿ ಮಾತಾಡಿದಳು. ಅವನು ತಲೆಯಾಡಿಸಿದ.

"ಏನಂತೆ ಪೋಸ್ಟ್ ಮಾವನಿಗೆ?" ಮೊಮ್ಮಗಳು ಕಿಟಕಿಯಿಂದ ಕೇಳಿದಳು.

"ಸಕ್ಕರೆ ಬೇಕಂತೆ."

"ಅವರಿಗೆ ಸಕ್ಕರೆ ಕಾಯಿಲೆ ಅಲ್ವಾ?"

"ಅದಕ್ಕೇ ಕೊಡಲ್ಲ ಅಂದೆ," ಎಂದು ಸೊಸೆ ಒಳಗೆ ಹೋದಳು.

ಸಂಜೆ ಮೊಮ್ಮಗಳು ಅವನ ಮನೆಯಿಂದ ಒಂದು ಕಂತೆ ಹಳೆಯ ಪೇಪರು ತಂದಳು. ಶೂ ಸುತ್ತುವುದಕ್ಕಂತೆ. ಈ ಮನೆಗೆ ಪೇಪರು ಹಾಕುವುದನ್ನು ಮಗ ಸೋಮವಾರದಿಂದಲೇ ನಿಲ್ಲಿಸಿದ್ದ. ಅವಳು ಕೋಣೆಯ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಸುತ್ತಿದಳು.

ಮರುದಿನ ಊಟಕ್ಕೆ ಕುಳಿತಾಗ ಹುಡುಗಿ ತಟ್ಟೆ ನೋಡುತ್ತಲೇ ಹೇಳಿದಳು: "ನೀಲಿ ಸೂಟ್‌ಕೇಸು ನಂಗೆ ಬೇಡ. ಅತ್ತೆ ಪೆಟ್ಟಿಗೆ ತಗೊಂಡು ಹೋಗ್ತೀನಿ."

ಅದು ಮಂಚದ ಕೆಳಗೆ ಇದ್ದ ಕಂದು ಪೆಟ್ಟಿಗೆ. ದೊಡ್ಡ ಮಗಳು ನರ್ಸಿಂಗ್ ಓದಲು ಹೊರಟಾಗ ತಾತ ಸ್ವಂತ ಕೈಯಲ್ಲಿ ಮಾಡಿಕೊಟ್ಟದ್ದು. ಮೊಮ್ಮಗಳನ್ನು ಹಿಂದಕ್ಕೆ ಕರೆತಂದು ಬಿಟ್ಟಾಗ ಅವಳ ಬಟ್ಟೆ ತುಂಬಿಕೊಂಡು ಬಂದು ಇಲ್ಲೇ ಉಳಿದಿತ್ತು.

"ಹುಚ್ಚಾ ನಿಂಗೆ?" ಎಂದಳು ತಾಯಿ. "ಖಾಲಿ ಪೆಟ್ಟಿಗೇನೇ ಆರು ಕಿಲೋ ಇದೆ. ಕೋಟು ಎಲ್ಲಿಡ್ತೀಯ, ತಲೆ ಮೇಲಾ?"

"ಕೋಟು ಮೈಮೇಲೆ ಹಾಕ್ಕೊಳ್ತೀನಿ."

"ಈ ಸೆಖೇಲಿ?"

"ಹೂಂ."

"ಹೊಸದು ತಂದಿರೋದು ಯಾಕೆ ಹಾಗಾದ್ರೆ? ಮೊನ್ನೆ ಅಂಗಡೀಲಿ ನೀನೇ ಆರಿಸಿದ್ದು!"

"ಈಗ ಬೇಡ ಅನ್ನಿಸ್ತಿದೆ. ಎಲ್ಲದಕ್ಕೂ ಕಾರಣ ಹೇಳಬೇಕಾ? ನೀವೆಲ್ಲ ಎಲ್ಲದಕ್ಕೂ ಕಾರಣ ಹೇಳ್ತೀರಾ?"

ಮಗ ತುತ್ತು ನುಂಗುವುದನ್ನು ನಿಲ್ಲಿಸಿದ. ತಾತ ನಡುವೆ ಬಾಯಿ ಹಾಕಿದರು. "ಜಗಳ ಬೇಡ. ತಳದ ಮರದ ಪಟ್ಟಿ ತೆಗೆದು ಹಗುರ ಮಾಡ್ತೀನಿ. ಹೊಸ ಚಕ್ರ ಹಾಕ್ತೀನಿ. ನಾಲ್ಕು ಕಿಲೋಗೆ ಇಳಿಸಿದ್ರೆ ಆಯ್ತಲ್ಲ."

"ನೀವೇ ಅವಳನ್ನ ತಲೆ ಮೇಲೆ ಕೂರಿಸ್ಕೊಂಡಿರೋದು ಮಾವ," ಎಂದು ಸೊಸೆ ತಟ್ಟೆ ಎತ್ತಿದಳು.

ಆಮೇಲಿನ ಎರಡು ವಾರ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕುರ್ಚಿಯ ಮೇಲೆ ಸ್ವೆಟರು, ಮೇಜಿನ ಮೇಲೆ ಜೆರಾಕ್ಸು. ಅಂಕಪಟ್ಟಿಯನ್ನು ಮೂರು ಸಲ ಕಳೆದು ನಾಲ್ಕು ಸಲ ಹುಡುಕಿದರು. ಅಲ್ಲಿನ ಗೋಡೆಗೆ ಸಿಕ್ಕುವ ಪ್ಲಗ್ಗು ಬೇರೆಯಂತೆ ಎಂದು ಮಗ ಊರೆಲ್ಲ ಅಲೆದು ತಂದ. ಸೊಸೆ ತನ್ನ ಅಂಗಡಿಯಲ್ಲಿ ರಜೆಯ ದಿನವೂ ಕುಳಿತು ಮಗಳಿಗೆ ಎರಡು ಜೊತೆ ಕನ್ನಡಕ ಮಾಡಿದಳು. ಅನ್ನ ಮಾಡುವುದನ್ನು ಕಲಿಸಲು ಹೋಗಿ ತಾಯಿಮಗಳು ದಿನವೂ ಕಿತ್ತಾಡಿದರು. ಹುಡುಗಿ ಎರಡು ಸಲ ವಾಂತಿ ಮಾಡಿಕೊಂಡಳು. ಉಗುರು ಕಚ್ಚಿ ಕಚ್ಚಿ ಬೆರಳ ತುದಿ ಕೆಂಪಾಗಿತ್ತು. "ಹೆದರಿಕೆ ಏನೇ?" ಎಂದರೆ "ಇಲ್ಲ" ಎನ್ನುತ್ತಿದ್ದಳು.

ಹೆದರಿಕೆಯನ್ನೆಲ್ಲ ಅವಳು ಅತ್ತೆಯ ಫೋನಿಗೆ ಬರೆಯುತ್ತಿದ್ದಳು. ಅದು ಸೊಸೆಯ ಸೀರೆಯ ಮಡಿಲಲ್ಲಿ ದಿನಕ್ಕೆ ನಾಲ್ಕು ಸಲ ನಡುಗುತ್ತಿತ್ತು. ಒಂದು ಮಧ್ಯಾಹ್ನ ಅವಳು ಈರುಳ್ಳಿ ಹೆಚ್ಚುವುದನ್ನು ಬಿಟ್ಟು ಮಾವನ ಬಳಿ ಬಂದು ಫೋನು ಚಾಚಿದಳು.

"ಓದಿ."

ತಾತ ಕನ್ನಡಕ ಏರಿಸಿ ನಿಧಾನವಾಗಿ ಓದಿದರು. "ಅತ್ತೆ, ಆರು ವರ್ಷದವಳಿದ್ದಾಗ ಅಮ್ಮ ನನ್ನ ನಿಮ್ಮ ಮನೇಲಿ ಬಿಟ್ಟು ಹೋದಳು. ನಾನು ಗೇಟಿನ ಹತ್ರ ಕೂಗ್ತಿದ್ದೆ. ಅವಳು ತಿರುಗಿ ನೋಡಲಿಲ್ಲ. ಈಗಲೂ ನೋಡಲ್ಲ ಅನ್ನಿಸುತ್ತೆ. ನಾನು ಹೋದ್ರೆ ಅವಳಿಗೆ ನೆಮ್ಮದಿ ಅಲ್ವಾ?"

"ತಿರುಗಿ ನೋಡಿದ್ರೆ ಬಿಟ್ಟುಬರಕ್ಕೆ ಆಗ್ತಿರಲಿಲ್ಲ ಮಾವ," ಸೊಸೆ ಸೆರಗಿನಿಂದ ಮೂಗು ಒರೆಸಿಕೊಂಡಳು. "ಬಸ್ಸು ಹತ್ತಿದ ಮೇಲೆ ನಾನು ಹೇಗೆ ಅಳ್ತಿದ್ದೆ ಅಂತ ಆ ಕಂಡಕ್ಟರನ್ನ ಕೇಳಬೇಕು. ಈಗ ಇದಕ್ಕೆ ಅಕ್ಕನ ಹೆಸರಲ್ಲಿ ಏನಂತ ಉತ್ತರ ಬರೀಲಿ?"

"ನಿಜ ಬರಿ. ಅದನ್ನೇ ಬರಿ."

ಅವಳು ಅಡಿಗೆಮನೆಯಲ್ಲಿ ನಿಂತು ಬಹಳ ಹೊತ್ತು ಬರೆದಳು. ನಿನ್ನ ಅಮ್ಮ ಅತ್ತಿದ್ದು ನನಗೆ ಗೊತ್ತು ಚಿನಕುರಳಿ, ಎಂದು ಶುರುಮಾಡಿದ್ದಳು. ಅವತ್ತು ಸಂಜೆ ಹುಡುಗಿ ಕೇಳದೆಯೇ ತಾಯಿಯ ಪಕ್ಕ ಬಂದು ಕುಳಿತು ಈರುಳ್ಳಿ ಸುಲಿದುಕೊಟ್ಟಳು.

ಹೊರಡಲು ನಾಲ್ಕು ದಿನವಿತ್ತು. ಪೆಟ್ಟಿಗೆ ಅಂಗಡಿಗೆ ಬಂತು.

ತಾತ ಒಂದು ನಿರ್ಧಾರಕ್ಕೆ ಬಂದಿದ್ದರು. ಹೇಳುವುದಿಲ್ಲವೆಂದು ಮಗನಿಗೆ ಮಾತು ಕೊಟ್ಟಾಗಿತ್ತು. ಬರೆಯುವುದಿಲ್ಲವೆಂದು ಕೊಟ್ಟಿರಲಿಲ್ಲ. ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದಿದ್ದರು: ನಿನ್ನ ಅತ್ತೆ ಇಂಥ ದಿನ ಹೋದಳು, ನಿನಗೆ ಹೇಳದ ತಪ್ಪು ನಮ್ಮದು, ಅಳು ಬಂದರೆ ಅಳು, ಓದು ಬಿಡಬೇಡ. ಆ ಹಾಳೆಯನ್ನೂ ಮಗಳ ಕೈಗಡಿಯಾರವನ್ನೂ ಪೆಟ್ಟಿಗೆಯ ಲೈನಿಂಗ್ ಬಟ್ಟೆಯ ಹಿಂದೆ ಇಟ್ಟು ಹೊಲಿಯುವುದು, ಹುಡುಗಿ ಅಲ್ಲಿ ಸೇರಿಕೊಂಡ ಮೇಲೆ, "ಎಡಗಡೆಯ ಮೂಲೆ ಬಿಚ್ಚಿ ನೋಡು" ಎಂದು ಫೋನಿನಲ್ಲಿ ಹೇಳುವುದು. ಬಟ್ಟೆಯ ಹಿಂದೆ ಏನಾದರೂ ಬಚ್ಚಿಡುವ ಎಷ್ಟೋ ಜನರನ್ನು ಅವರು ಕಂಡಿದ್ದರು. ರಿಪೇರಿಗೆ ಬಂದ ಪೆಟ್ಟಿಗೆಗಳಲ್ಲಿ ಪ್ರೇಮಪತ್ರ, ಒಡವೆ, ಸತ್ತ ಮಗುವಿನ ಕಾಲುಚೀಲ, ಎಲ್ಲ ಸಿಕ್ಕಿತ್ತು. ಇದ್ದ ಹಾಗೆಯೇ ಇಟ್ಟು ಹೊಲಿದು ಕೊಡುತ್ತಿದ್ದರು.

ಮುಚ್ಚಳ ತೆರೆದು, ಎಡಮೂಲೆಯ ಮೇಲೆ ಬೆರಳಾಡಿಸಿದರು. ಬೆರಳು ನಿಂತಿತು.

ಮೂವತ್ತಮೂರು ವರ್ಷದ ಹಿಂದೆ ಅವರು ಹೊಲಿದದ್ದು ಮೇಣ ತೀಡಿದ ಕಂದು ದಾರದಲ್ಲಿ, ಪ್ರತಿ ಹೊಲಿಗೆಗೂ ಒಮ್ಮೆ ಹಿಂದಕ್ಕೆ ಎಳೆದು. ಆ ಮೂಲೆಯಲ್ಲಿ ನಾಲ್ಕು ಬೆರಳಗಲ ಹೊಲಿಗೆ ಬೇರೆಯಿತ್ತು. ಹಿಂದಕ್ಕೆ ಎಳೆದು ಹೊಲಿಯುವ ರೀತಿ ಅದೇ, ಆದರೆ ಅಂಕುಡೊಂಕು. ದಾರ ಹೊಸದು, ಮೇಣವಿಲ್ಲದ್ದು. ಈ ಹೊಲಿಗೆಯನ್ನು ಅವರು ಒಬ್ಬಳಿಗೇ ಕಲಿಸಿದ್ದರು. ಬೇಸಗೆ ರಜೆಗೆ ಬಂದಾಗ ಮೊಮ್ಮಗಳು ಇದೇ ಅಂಗಡಿಯಲ್ಲಿ ಕಾಲು ತೂಗಾಡಿಸಿಕೊಂಡು ಕುಳಿತು ಕಲಿತಿದ್ದಳು.

ಬ್ಲೇಡಿನಿಂದ ದಾರ ಕತ್ತರಿಸಿ ಕೈ ಹಾಕಿದರು. ಪೇಪರಿನ ಒಂದು ತುಂಡು ಬಂತು. ಅತ್ತೆಯ ಸಣ್ಣ ಫೋಟೋ. ಕೆಳಗೆ, ನಮ್ಮ ಹಿರಿಯ ನರ್ಸ್ ಭಾನುವಾರ ತೀರಿಕೊಂಡರೆಂದು ಆಸ್ಪತ್ರೆಯ ಸಿಬ್ಬಂದಿ ದುಃಖದಿಂದ ತಿಳಿಸಿದ್ದರು. ಪಕ್ಕದಲ್ಲಿ ಪೆನ್ಸಿಲಿನ ಗುರುತು.

ತಾತ ಎಷ್ಟು ಹೊತ್ತು ಹಾಗೆ ಕುಳಿತಿದ್ದರೋ, ಯಾರೋ ಜಿಪ್ಪು ಸರಿಮಾಡಿಸಲು ಬಂದು ನಿಂತು ಹೋದರು. ತಲೆ ಎತ್ತಿದಾಗ ಎದುರಿಗೆ ಊಟದ ಡಬ್ಬ ಹಿಡಿದು ಮೊಮ್ಮಗಳು ನಿಂತಿದ್ದಳು. ಪೆಟ್ಟಿಗೆ ನೋಡಿದಳು. ತಾತನ ಕೈಯಲ್ಲಿದ್ದುದನ್ನು ನೋಡಿದಳು. ಡಬ್ಬವನ್ನು ಹಲಗೆಯ ಮೇಲಿಟ್ಟಳು.

"ಯಾವಾಗಿಂದ?" ಎಂದರು ತಾತ.

"ಆ ಸೋಮವಾರದಿಂದ. ನೀವು ಪ್ರಾರ್ಥನೇಲಿ ಅತ್ತೆಗೆ ಆರೋಗ್ಯ ಕೇಳಲಿಲ್ಲ."

"ನಿಂಗೆ ಕೇಳಿಸ್ತಾ?"

"ತಾತ, ಇಡೀ ಬೀದಿಗೆ ಕೇಳಿಸುತ್ತೆ. ಹುಟ್ಟಿದಾಗಿಂದ ಕೇಳಿದೀನಿ. ಮಾರನೇ ದಿನವೂ ಕೇಳಲಿಲ್ಲ. ಅತ್ತೆ ಫೋನೂ ಎತ್ತಲಿಲ್ಲ. ಆಮೇಲೆ ಪೋಸ್ಟ್ ಮಾವ ಸಕ್ಕರೆಗೆ ಬಂದರು." ಅವಳ ತುಟಿ ನಗುವ ಹಾಗೆ ಸೊಟ್ಟಗಾಯಿತು. "ಪೇಪರ್ ತಂದು ನೋಡಿದೆ."

"ಮತ್ತೆ ಅತ್ತೆಗೆ ಅಂತ ಬರೀತಿದ್ದೆಯಲ್ಲ ಮೆಸೇಜು?"

"ಅದನ್ನ ಓದೋದು ಅಮ್ಮ ಅಂತ ಗೊತ್ತಿತ್ತು. ಅತ್ತೆ ಯಾವತ್ತೂ ಅಷ್ಟುದ್ದ ಬರೀತಿರಲಿಲ್ಲ. ಅಮ್ಮನಿಗೆ ಎದುರಿಗೆ ಹೇಳಕ್ಕಾಗದ್ದನ್ನ ಹೇಳಿದೆ. ಅವಳೂ ಹೇಳಿದಳು."

ತಾತನ ದನಿ ಏರಿತು. "ನಾನು ಅನ್ನ ಬಿಟ್ಟು, ಬಾಯಿಗೆ ಬಟ್ಟೆ ತುರುಕ್ಕೊಂಡು ಹದಿನೆಂಟು ದಿನ ಕಳೆದೆ ಕಣೇ! ನಿನಗೋಸ್ಕರ! ಅವಳ ಮುಖ ನೋಡಕ್ಕೂ ಹೋಗಲಿಲ್ಲ. ನಿಂಗೆ ಗೊತ್ತಿತ್ತು ಅಂದ್ರೆ ನಾವ್ಯಾಕೆ ಹೀಗೆ ಒಬ್ಬೊಬ್ಬರೇ ಒಂದೊಂದು ಮೂಲೇಲಿ... ಒಂದು ಸಲ ಬಂದು ತಾತಾ ಅಂತ ಅತ್ತಿದ್ರೆ ಸಾಕಿತ್ತಲ್ಲೇ."

"ಅತ್ತಿದ್ರೆ ನಾನು ಹೋಗಲ್ಲ ತಾತ." ಅವಳು ಕಚ್ಚಿದ ಉಗುರುಗಳನ್ನು ಅಂಗೈಯಲ್ಲಿ ಮುಚ್ಚಿಕೊಂಡಿದ್ದಳು. "ಬಾಯಿಬಿಟ್ಟು ಹೇಳಿದ್ರೆ ಅದು ನಿಜ ಆಗುತ್ತೆ. ನಿಜ ಆದ್ರೆ ನಿಲ್ಲಬೇಕಾಗುತ್ತೆ. ನಂಗೆ ಹೋಗಬೇಕು. ಅವಳು ಸತ್ತರೂ ನಂಗೆ ಹೋಗಬೇಕು ಅನ್ನಿಸ್ತಲ್ಲ, ಅದನ್ನ ಯಾರ ಹತ್ರ ಹೇಳಲಿ?"

ರಸ್ತೆಯಲ್ಲಿ ಬಸ್ಸೊಂದು ಹಾರನ್ನು ಹೊಡೆಯುತ್ತ ತಿರುಗಿತು. ತಾತನಿಗೆ ಬೈಯಬೇಕೆನ್ನಿಸಿತು. ಬೈಗುಳ ಹುಡುಕಿದರು, ಸಿಗಲಿಲ್ಲ.

"ಅಪ್ಪ ಅಮ್ಮನಿಗೆ ಹೇಳಬೇಡಿ," ಎಂದಳು. "ಅವರು ನನ್ನ ಕಳಿಸಿದೀವಿ ಅಂದ್ಕೊಳ್ಳಲಿ. ನಾನೇ ಬಿಟ್ಟುಹೋದೆ ಅನ್ನೋದು ಬೇಡ."

ತಾತ ದಾರಕ್ಕೆ ಮೇಣ ತೀಡಿದರು. ಪೇಪರಿನ ತುಂಡನ್ನು ಅಲ್ಲೇ ಇಟ್ಟರು. ಅದರ ಜೊತೆ ಕೈಗಡಿಯಾರವನ್ನೂ ಇಟ್ಟರು. ತಾವು ಬರೆದ ಕಾಗದವನ್ನು ಹರಿದು ಜೇಬಿಗೆ ಹಾಕಿಕೊಂಡರು. ಅವರ ಸೂಜಿ ಮೇಲೆ ಕೆಳಗೆ ಓಡುವುದನ್ನು ಮೊಮ್ಮಗಳು ನಿಂತು ನೋಡಿದಳು. ಚಿಕ್ಕವಳಿದ್ದಾಗ ಮಾಡುತ್ತಿದ್ದ ಹಾಗೆ ಕೊನೆಯ ಗಂಟಿಗೆ ಬೆರಳು ಒತ್ತಿ ಹಿಡಿದಳು.

"ಊಟ ಮಾಡಿ, ಆರಿಹೋಗುತ್ತೆ," ಎಂದು ಹೇಳಿ ಹೋದಳು.

ಹೊರಟ ದಿನ ಪೆಟ್ಟಿಗೆ ಸರಿಯಾಗಿ ಇಪ್ಪತ್ತಮೂರು ಕಿಲೋ ತೂಗಿತು. ಹುಡುಗಿ ಬಿಸಿಲಿನಲ್ಲಿ ದಪ್ಪ ಕೋಟು ತೊಟ್ಟು ಬೆವರಿಳಿಸಿಕೊಂಡು ನಿಂತಿದ್ದಳು. ವಿಮಾನ ನಿಲ್ದಾಣದ ಗಾಜಿನ ಬಾಗಿಲಲ್ಲಿ ತಾಯಿ, "ಅತ್ತೆಗೆ ಗಂಟಲು ವಾಸಿಯಾದ ಮೇಲೆ ಮಾತಾಡಿಸ್ತೀನಿ," ಎಂದಳು. ಮಗಳು, "ಹೂಂ, ಔಷಧಿ ಸರಿಯಾಗಿ ತಗೊಳ್ಳಕ್ಕೆ ಹೇಳು," ಎಂದಳು. ತಾತ ಇಬ್ಬರನ್ನೂ ನೋಡಿ ಕಣ್ಣು ಕೆಳಗೆ ಮಾಡಿದರು. ಒಳಗೆ ಹೋದ ಹುಡುಗಿ ತಿರುಗಿ ನೋಡಲಿಲ್ಲ. ಸೊಸೆ ಅದನ್ನು ಕಂಡಳು.

ಮರುದಿನ ಮನೆ ಬಿಕೋ ಎನ್ನುತ್ತಿತ್ತು. ನೀಲಿ ಸೂಟ್‌ಕೇಸು ನಡುಮನೆಯ ಮೂಲೆಯಲ್ಲಿ ಖಾಲಿ ನಿಂತಿತ್ತು. ಬೆಳಗಿನ ಚಹಾದ ಹೊತ್ತಿಗೆ ಅಕ್ಕನ ಫೋನು ಟಿಣ್ ಎಂದಿತು. ಸೊಸೆ ಗಟ್ಟಿಯಾಗಿ ಓದಿದಳು: "ಅತ್ತೆ, ತಲುಪಿದೆ. ಚಳಿ ಇದೆ. ಅಮ್ಮ ಊಟ ಮಾಡಿರಲ್ಲ, ಮಾಡಕ್ಕೆ ಹೇಳಿ."

ಅವಳು ಬಿಕ್ಕಿದಳು. ಮಗ ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ಈಗಲೇ ಹೇಳೋದು ಬೇಡ. ಹೊಸ ಜಾಗ. ಮೊದಲ ಪರೀಕ್ಷೆ ಮುಗೀಲಿ."

"ನಿನ್ನ ಅಕ್ಕ ನಿಜವಾಗ್ಲೂ ಹೇಳಿದ್ದಳೇನೋ?" ತಾತ ಲೋಟ ಕೆಳಗಿಟ್ಟರು. "ನಿಲ್ಲಿಸಬೇಡಿ ಅಂತ?"

ಮಗ ತನ್ನ ಲೋಟವನ್ನು ಪಕ್ಕಕ್ಕೆ ಸರಿಸಿದ. "ಇಲ್ಲಪ್ಪ. ಹೇಳಿರಲಿಲ್ಲ. ಆದ್ರೆ ಹೇಳ್ತಿದ್ದಳು."

ಆಗ ಅವನು ಅತ್ತ, ಸುದ್ದಿ ಬಂದ ದಿನ ನಲ್ಲಿಯ ಸದ್ದಿನಲ್ಲಿ ಅಡಗಿಸಿಕೊಂಡಿದ್ದನ್ನೆಲ್ಲ. ತಾತ ಅವನ ತಲೆಯ ಮೇಲೆ ಕೈಯಿಟ್ಟರು. ಹುಡುಗಿಗೆ ಗೊತ್ತು ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದನ್ನು ನುಂಗಿಕೊಂಡರು. ಮಗಳ ಮುಖ ಕೊನೆಯ ಸಲ ನೋಡುವುದನ್ನು ತಪ್ಪಿಸಿದವನು ಇವನೇ ಎಂಬುದನ್ನು ಮಾತ್ರ ನುಂಗಲಾಗಲಿಲ್ಲ. ಕೈ ತೆಗೆದು ಎದ್ದರು.

ಆ ದಿನ ಪ್ರಾರ್ಥನೆಗೆ ಹೊತ್ತು ಮೀರಿತ್ತು. ಬಿಸಿಲು ಕಿಟಕಿಯಿಂದ ಇಳಿದು ಸ್ಟೂಲಿನ ಮೇಲೆ ಬಿದ್ದಿತ್ತು. ಕುಳಿತರು. ಗೋಡೆಯಾಚೆಯ ಕೋಣೆಯಲ್ಲಿ ಈಗ ಯಾರೂ ಇರಲಿಲ್ಲ. ದನಿ ತಗ್ಗಿಸುವ ಕಾರಣವೂ ಇರಲಿಲ್ಲ.

"ದೇವರೇ, ನನ್ನ ದೊಡ್ಡ ಮಗಳು ತೀರಿಕೊಂಡಳು. ಇಪ್ಪತ್ತೆರಡು ದಿನ ಈ ಮಾತನ್ನು ನಿನ್ನ ಮುಂದೆಯೂ ಆಡಲಿಲ್ಲ, ಮನ್ನಿಸು. ಅವಳನ್ನು ಕಳಿಸಿಕೊಡುವಾಗ ಅಪ್ಪನ ಕೈ ಇರಲಿಲ್ಲ, ನೀನು ಕೈಹಿಡಿದಿದ್ದೀಯೆಂದು ನಂಬಿದ್ದೇನೆ. ಜೀವಮಾನವೆಲ್ಲ ಇನ್ನೊಬ್ಬರ ಮಂಚದ ಪಕ್ಕ ನಿಂತವಳು ಅವಳು, ಈಗ ಅವಳನ್ನು ಕೂರಿಸು. ಅವಳಿಗಾಗಿ ಅಳದೆ ಹೋದ ಮಗುವಿನ ಮೇಲೆ ಅವಳಿಗೆ ಸಿಟ್ಟಿರುವುದಿಲ್ಲ, ನನ್ನ ಸಿಟ್ಟನ್ನೂ ತೆಗೆ. ಆರೋಗ್ಯ ಇನ್ನು ಅವಳಿಗೆ ಬೇಡ. ಅವಳ ಪಾಲಿಗೆ ನಾನು ದಿನಾ ಬೇಡುತ್ತಿದ್ದುದೆಲ್ಲದರ ಬದಲು ಒಂದನ್ನೇ ಕೊಡು. ನನ್ನ ಮಗಳ ಆತ್ಮಕ್ಕೆ ಶಾಂತಿ ಕೊಡು."